ಕೊಕ್ಕೆ ಪಾನಾದ ಜಾಗ

ಕುದುರೆಗಳನ್ನು ಕೀಲು ಕೀಲಾಗಿ ಬಿಚ್ಚಿ ಪೆಟ್ಟಿಗೆಯಲ್ಲಿ ಇಡಬಹುದಾಗಿದ್ದ ಕಾಲವೊಂದಿತ್ತಂತೆ. ಆಗ ಸಮುದ್ರ ದಾಟಿಸಲು ಇದ್ದವನು ಒಬ್ಬನೇ ಅಂಬಿಗ. ಅವನು ನಿಂತ ಕುದುರೆಯನ್ನು ದೋಣಿ ಹತ್ತಿಸುತ್ತಿರಲಿಲ್ಲ, ಪೆಟ್ಟಿಗೆಯಾದರೆ ಹತ್ತಿಸುತ್ತಿದ್ದ. ಅದಕ್ಕೆ ಸವಾರ ದಂಡೆಯ ಮೇಲೆ ಕಂಬಳಿ ಹಾಸಿ, ಕುದುರೆಯ ಕಿವಿಯಲ್ಲಿ ಕ್ಷಮೆ ಕೇಳಿ, ಮೊದಲು ಕೊರಳು, ಆಮೇಲೆ ಕಾಲು, ಕೊನೆಗೆ ಬೆನ್ನು ಎಂದು ಬಿಚ್ಚಿ ಒಂದೊಂದನ್ನೂ ಉಣ್ಣೆಯಲ್ಲಿ ಸುತ್ತಿ ಇಡುತ್ತಿದ್ದ. ಆಚೆ ದಂಡೆಯಲ್ಲಿ ಮತ್ತೆ ಜೋಡಿಸಿದರೆ ಕುದುರೆ ಎದ್ದು ಮೈ ಕೊಡವಿ, ತನ್ನ ಮೂಳೆಗಳನ್ನು ತಾನೇ ಒಂದು ಸಲ ಎಣಿಸಿಕೊಂಡು ಹೊರಡುತ್ತಿತ್ತು. ಒಂದು ಸಲ ಮಾತ್ರ, ಬಿಚ್ಚಲು ಕೈಜೋಡಿಸಿದ ಸವಾರನ ಗೆಳತಿ, ಉಗುರಿನಷ್ಟೇ ಇದ್ದ ಒಂದು ಮೊಣಕಾಲ ಮೂಳೆಯನ್ನು ಜೇಬಿಗೆ ಹಾಕಿಕೊಂಡಳು. ಬೆಚ್ಚಗಿರಲಿ ಎಂದೋ, ಮರೆತೋ. ಕುದುರೆ ಎಣಿಸಿತು. ಒಂದು ಕಡಿಮೆ ಬಂತು. ಸವಾರನಿಗೆ ಹೊತ್ತಾಗುತ್ತದೆ ಎಂದು ಏನೂ ಹೇಳದೆ ಎದ್ದು ನಡೆಯಿತು.

ಮುಂದೆ ಎಂದು ನೆರಿಡಾ ಕೇಳಿದಾಗಲೆಲ್ಲ ಅಜ್ಜಿ, ಮುಂದೆ ಇಳಿಜಾರು ಬಂತು ಎಂದು ಹೇಳಿ ಬಟಾಣಿ ಬಿಡಿಸುವುದನ್ನು ಮುಂದುವರಿಸುತ್ತಿದ್ದಳು. ಕುದುರೆ ಗೆಳತಿಯನ್ನು ಬೈಯಲಿಲ್ಲವೇ ಎಂದು ಕೇಳಿದರೆ, "ಚೂರು ಚೂರಾಗಿ ಬಿದ್ದಿರೋದು ಬೈಬೇಕಂದ್ರೆ ಮೊದಲು ಬಾಯಿ ಎಲ್ಲಿ ಬಿದ್ದಿದೆ ಅಂತ ಹುಡುಕಬೇಕಲ್ಲೇ" ಎನ್ನುತ್ತಿದ್ದಳು. ಈಗ ಮೂವತ್ತೊಂದನೆಯ ವಯಸ್ಸಿನಲ್ಲಿ, ಲಾನ್ಸೆಸ್ಟನ್ನಿನ ನದಿ ಬಯಲಿನ ಅದೇ ಅಜ್ಜಿಯ ಮನೆಯ ಹಿತ್ತಲಲ್ಲಿ, ಬಕೆಟ್ಟಿನ ಬೆಚ್ಚನೆ ನೀರಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಸವಾರಿಯ ಗೆಳೆಯ ಇವನ್ ಮೆಕೀಯ ಸೈಕಲ್ಲನ್ನು ಉಜ್ಜುತ್ತಾ ಕೂತ ನೆರಿಡಾಗೆ ಆ ಬಾಯಿಯ ಮಾತು ನೆನಪಾಯಿತು. ಏಪ್ರಿಲ್ಲಿನ ಬಿಸಿಲು ಬಟ್ಟೆ ಒಣಹಾಕುವ ತಂತಿಯ ಮೇಲೆ ಮಾತ್ರ ಬಿದ್ದಿತ್ತು. ತಂತಿಯಲ್ಲಿ ಒಂದೂ ಬಟ್ಟೆಯಿರಲಿಲ್ಲ. ಕ್ಲಿಪ್ಪುಗಳ ಬುಟ್ಟಿಯೊಂದು ತೂಗುತ್ತಿತ್ತು.

ಆ ಬುಟ್ಟಿಯ ಕಡೆ ನೋಡಬಾರದು ಎಂದು ಅವಳು ಬೆಳಗಿನಿಂದ ಅಂದುಕೊಂಡಿದ್ದಳು. ಹಾಗೆ ಅಂದುಕೊಂಡದ್ದರಿಂದಲೇ ಹಿತ್ತಲಿನಲ್ಲಿ ನೋಡಲು ಅದೊಂದೇ ಉಳಿದಂತಾಗಿತ್ತು.

ಮಣ್ಣೆಲ್ಲ ಹೋಗಬೇಕು. ನ್ಯೂಜಿಲ್ಯಾಂಡಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸುತ್ತಾರೆ, ಟೈರಿನ ಗೀರಿನಲ್ಲಿ ಒಂದು ಬೀಜ ಕಂಡರೂ ಬದಿಗಿಡುತ್ತಾರೆ. ಎರಡು ದೇಶಗಳ ನಡುವೆ ಸೈಕಲ್ ಹೊತ್ತು ಓಡಾಡುವವರು ಇದನ್ನು ಹೇಳಿಸಿಕೊಳ್ಳಬೇಕಾಗಿಲ್ಲ. ಇವನ್ ಪ್ರತಿ ವರ್ಷ ಮಾರ್ಚಿನಲ್ಲಿ ಅಲ್ಲಿನ ತನ್ನೂರು ಡನೀಡಿನ್ನಿನಿಂದ ಇಲ್ಲಿನ ಸೈಕಲ್ ಕ್ಲಬ್ಬಿನ ಮುನ್ನೂರು ಕಿಲೋಮೀಟರಿನ ಸವಾರಿಗೆ ಬಂದು, ಮುಗಿಸಿ, ಇದೇ ಹಿತ್ತಲಲ್ಲಿ ಇದೇ ಬಕೆಟ್ಟಿನಲ್ಲಿ ತೊಳೆಯುತ್ತಿದ್ದ. ತೊಳೆಯುವಾಗ ಶಿಳ್ಳೆ ಹಾಕುತ್ತಿದ್ದ. ಆಮೇಲೆ ಚೌಕಟ್ಟಿನ ಮೇಲಿನ ಕೊಳವೆಗೊಂದು, ಕೆಳಗಿನ ಕೊಳವೆಗೊಂದು ಇರುವ ತಿರುಪಿನ ಕೀಲುಗಳನ್ನು ಬಿಚ್ಚುತ್ತಿದ್ದ. ಸೈಕಲ್ಲು ಎರಡು ತುಂಡಾಗಿ ಕೈಗೆ ಬರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನೆರಿಡಾಗೆ ಅಜ್ಜಿಯ ಕಥೆ ಬಾಯಿಗೆ ಬಂದು, ಹೇಳಿದರೆ ನಗುತ್ತಾನೆಂದು ಸುಮ್ಮನಾಗುತ್ತಿದ್ದಳು. ಹೇಳಬೇಕಿತ್ತು. ನಗುತ್ತಿರಲಿಲ್ಲ ಅವನು. ಈಗ ಅವಳ ಬ್ರಷ್ಷಿಗೆ ಸಿಗುತ್ತಿರುವುದು ವೆಲ್ಡ್‌ಬರೋ ಘಾಟಿಯ ಮಣ್ಣು, ಕಪ್ಪಗೆ, ಕೊಳೆತ ಎಲೆಯ ವಾಸನೆಯದು. ಪೊಲೀಸರು ಸೈಕಲ್ಲನ್ನು ನಾಲ್ಕು ವಾರ ಕೋಣೆಯಲ್ಲಿಟ್ಟುಕೊಂಡರೂ ಉದುರದೆ ಉಳಿದಂಥದ್ದು. ಬ್ರೇಕಿನ ಸಂದಿಯಿಂದ ಮಿರ್ಟಲ್ ಮರದ ಎಲೆಯೊಂದು ಬಂತು, ಬೆರಳುಗುರಿನಷ್ಟು, ಇನ್ನೂ ಹಸುರಾಗಿ. ಅದನ್ನು ಒಳಗೇ ಇರಗೊಡಲೇ ಎಂದು ಒಂದು ಕ್ಷಣ ಅನ್ನಿಸಿತು. ಅವನ ಕೊನೆಯ ರಸ್ತೆಯಲ್ಲಿ ಒಂದಿಷ್ಟಾದರೂ ಅವನ ಜೊತೆ ಮನೆಗೆ ಹೋಗಲಿ ಎಂದು. ಆದರೆ ಆ ರಸ್ತೆಯಿಂದ ಮನೆಗೆ ಹೋಗಬೇಕಾಗಿದ್ದ ಬೇರೆ ವಸ್ತುವನ್ನು ಬಚ್ಚಿಟ್ಟುಕೊಂಡು ಎಲೆಗೆ ಮರುಗುವ ತನ್ನ ಬಗ್ಗೆಯೇ ಹೇಸಿಗೆಯಾಗಿ, ಎಲೆಯನ್ನು ಬಕೆಟ್ಟಿಗೆ ಕೊಡವಿದಳು.

"ಏನೇ ಏಳ್ನಿಮಿಷ, ಅದಕ್ಕೂ ಹಲ್ಲುಜ್ಜಿಸ್ತಾ ಇದ್ದೀಯಾ?"

ಕ್ಲೆಮ್ ಪಕ್ಕದ ಗೇಟಿನಿಂದ ಒಳಗೆ ಬಂದಿದ್ದ. ಎಪ್ಪತ್ತು ದಾಟಿದ ಆಸಾಮಿ, ಕ್ಲಬ್ಬಿನ ಸವಾರಿಗಳನ್ನೆಲ್ಲ ಏರ್ಪಡಿಸುವವನು. ಆ ಅಡ್ಡಹೆಸರು ಅವನೇ ಇಟ್ಟದ್ದು. ಸವಾರಿಯ ದಾರಿಯಲ್ಲಿ ಕಾರ್ಡಿಗೆ ಠಸ್ಸೆ ಹಾಕುವ ಜಾಗಗಳಿರುತ್ತವೆ, ಒಂದೊಂದಕ್ಕೂ ಗಡುವಿದೆ, ಗಡುವು ದಾಟಿದರೆ ಸವಾರಿ ಲೆಕ್ಕಕ್ಕಿಲ್ಲ. ಮೊದಲ ವರ್ಷ ನೆರಿಡಾ ಅರ್ಧದಲ್ಲೇ ಕೈಬಿಟ್ಟಳು. ಎರಡನೆಯ ವರ್ಷ ಸೇಂಟ್ ಹೆಲೆನ್ಸಿನ ಬೇಕರಿಗೆ ಏಳು ನಿಮಿಷ ತಡವಾಗಿ ತಲುಪಿದಾಗ, ಕ್ಲೆಮ್ ಠಸ್ಸೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತಿದ್ದ. ಅವಳ ಕಣ್ಣೆದುರೇ ಇನ್ನೊಂದು ಸುತ್ತು ತಿರುಗಿಸಿ, ನಗುತ್ತಾ, "ಏಳೇ ಏಳು ನಿಮಿಷ ಕಣೇ" ಎಂದಿದ್ದ. ಸುತ್ತ ಇದ್ದವರೆಲ್ಲ ಪೈ ತಿನ್ನುತ್ತಲೇ ನಕ್ಕಿದ್ದರು. ಒಳ್ಳೆಯ ನಗುವೇ. ಅದಾದ ಮೇಲೆ ವರ್ಷವಿಡೀ ಅವಳಿಗೆ ಬೇರೆ ಹೆಸರಿರಲಿಲ್ಲ. ಇಂದು ಹೆಸರು ಬಾಯಿಂದ ಜಾರಿದ ಮೇಲೆ ಕ್ಲೆಮ್‌ಗೆ ತಾನು ಏನಂದೆನೆಂದು ಹೊಳೆದು, ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಚೆನ್ನಾಗಿ ಉಜ್ಜು. ಹೋದ ಸಲ ನನ್ನ ಶೂ ಅಡೀಲಿ ಕುರಿ ಹಿಕ್ಕೆ ಇದೆ ಅಂತ ಒಂದು ಗಂಟೆ ನಿಲ್ಲಿಸಿದ್ರು ಅಲ್ಲಿ. ನಿಮ್ಮ ದೇಶದ ತುಂಬ ಅದೇ ಇದೆಯಲ್ಲಪ್ಪ ಅಂದೆ. ಅದು ನಮ್ಮ ಕುರೀದು ಅಂದ."

ಅವಳು ನಗಲು ಪ್ರಯತ್ನಿಸಿದಳು. ಕ್ಲೆಮ್ ತಂತಿಯ ಕಂಬಕ್ಕೆ ಒರಗಿ ನಿಂತ. ತಲೆಯ ಹತ್ತಿರವೇ ಕ್ಲಿಪ್ಪಿನ ಬುಟ್ಟಿ ಅಲ್ಲಾಡಿ, ಒಳಗೆ ಮರದ ಕ್ಲಿಪ್ಪುಗಳ ನಡುವೆ ಕಬ್ಬಿಣ ಒಂದು ಸಲ ಸದ್ದು ಮಾಡಿದ ಹಾಗೆ ಅವಳಿಗೆ ಕೇಳಿಸಿತು. ಅವನು ಜೇಬಿನಿಂದ ಪೊಲೀಸರ ವರದಿಯ ಮಡಿಚಿದ ಕಾಗದ ತೆಗೆದು, ಕನ್ನಡಕವನ್ನು ಹಣೆಗೇರಿಸಿ ಓದಿದ. "ಚೌಕಟ್ಟಿನ ಕೆಳಗಿನ ಕೀಲು ಸವಾರಿಯ ವೇಳೆ ಸಡಿಲಗೊಂಡಿದೆ. ಸವಾರನು ಅದನ್ನು ಮರಳಿ ಬಿಗಿಗೊಳಿಸಿಲ್ಲ. ಅದಕ್ಕೆ ಬೇಕಾದ ಉಪಕರಣ ಸವಾರನ ಬಳಿ ಕಂಡುಬಂದಿಲ್ಲ." ಕಾಗದ ಮಡಿಚಿದ. "ಅಷ್ಟೇ. ಕ್ಲಬ್ಬಿಗೆ ಏನೂ ತೊಂದ್ರೆ ಇಲ್ಲ, ನನಗೂ ಇಲ್ಲ, ನಿನಗೂ ಇಲ್ಲ. ಪಾನಾ ತಗೊಳ್ದೆ ಮುನ್ನೂರು ಕಿಲೋಮೀಟರ್ ಹೊರಟಿದ್ದಾನಲ್ಲ, ಇಪ್ಪತ್ತು ವರ್ಷ ಸೈಕಲ್ ಹೊಡೆದೋನು."

"ಅವನು ಹಾಗಲ್ಲ ಕ್ಲೆಮ್."

"ಹಾಗಲ್ಲ ಅಂದ್ರೆ? ಮತ್ತೆ ಎಲ್ಲಿತ್ತು ಅದು, ಹೇಳು."

ಅವಳು ಬ್ರಷ್ ಅದ್ದಿದಳು. ನೀರು ತಣ್ಣಗಾಗಿತ್ತು. ಈಗ ಹೇಳಿಬಿಡಬಹುದು ಎಂದು ಅವಳಿಗೆ ಅನ್ನಿಸಿದ್ದು ಇದು ನೂರನೆಯ ಸಲವೋ ಏನೋ. ಬಾಯಿ ತೆರೆದರೆ ಸಾಕು, ಬುಟ್ಟಿ ಅವನ ಕಿವಿಯ ಪಕ್ಕದಲ್ಲೇ ಇದೆ. ಕ್ಲೆಮ್ ಅವಳ ಮೌನವನ್ನು ದುಃಖ ಎಂದುಕೊಂಡು ಹೆಗಲು ತಟ್ಟಿದ. "ಸತ್ತವನ ಮೇಲೆ ತಪ್ಪು ಬಿದ್ರೆ ಯಾರಿಗೂ ಭಾರ ಆಗಲ್ಲ ಕಣಮ್ಮ. ಇರೋರು ಉಳ್ಕೋತಾರೆ. ಅವನ ಅಕ್ಕ ಬಂದಾಗ ಟೀ ಮಾಡಿಕೊಡು" ಎಂದು ಹೇಳಿ ಹೋದ. ಗೇಟು ಹಾಕಿದ ಸದ್ದು ಕೇಳಿದ ಮೇಲೆ ನೆರಿಡಾ ಹೊಸ ನೀರು ತರಲು ಎದ್ದಳು. ಮೊಣಕಾಲುಗಳ ಮೇಲೆ ಹುಲ್ಲಿನ ಅಚ್ಚು ಮೂಡಿತ್ತು.

ಪಾನಾ ಸ್ಕಾಟ್ಸ್‌ಡೇಲಿನಲ್ಲಿತ್ತು, ಅವನ ಕೈಯಲ್ಲಿ. ಸವಾರಿಯ ದಿನ ಬೆಳಗಿನ ಒಂಬತ್ತು ಗಂಟೆ, ಮೊದಲ ಠಸ್ಸೆಯ ಜಾಗ, ಅಂಗಡಿಯ ಹೊರಗಿನ ಬೆಂಚು. ಬಿಚ್ಚಿ ಜೋಡಿಸುವ ಸೈಕಲ್ಲಿನವರ ಕ್ರಮ ಅದು: ಜೋಡಿಸಿದ ಮೇಲೆ ಐವತ್ತು ಅರವತ್ತು ಕಿಲೋಮೀಟರ್ ಹೊಡೆದರೆ ಕೀಲು ತನ್ನ ಜಾಗಕ್ಕೆ ಕೂತು ಒಂದಿಷ್ಟು ಸಡಿಲ ಬಿಡುತ್ತದೆ, ಆಗ ಇಳಿದು ಮತ್ತೊಂದು ಸಲ ಬಿಗಿಮಾಡಬೇಕು. ಅದಕ್ಕೆ ಎಂದೇ ಮಾಡಿದ ಗೇಣುದ್ದದ ಪಾನಾ, ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಪೆಡಲ್ ಬಿಗಿ ಮಾಡುವ ಬಾಯಿ. ಇವನ್ ಅದನ್ನು ತೆಗೆದದ್ದೇ, ನೆರಿಡಾ ಸೈಡ್ಲಿಂಗ್ ಏರಿನುದ್ದಕ್ಕೂ ಕಿರುಗುಟ್ಟಿದ್ದ ತನ್ನ ಪೆಡಲ್ಲಿಗೆ ಬೇಕೆಂದು ಕೈಯಿಂದ ಕಿತ್ತುಕೊಂಡಿದ್ದಳು. "ಕಿತ್ಕೊಳ್ಳೋದು ನೋಡು, ಕೊಟ್ಟೇ ಬಿಡ್ತಿದ್ನಲ್ಲ" ಎಂದು ನಕ್ಕು ಅವನು ಬ್ರೆಡ್ಡು ತರಲು ಒಳಗೆ ಹೋದ. ಅಷ್ಟರಲ್ಲಿ ಜೋರಾಗಿ ಹೊಡೆಯುವ ನಾಲ್ಕು ಜನರ ಗುಂಪು ಹೊರಟಿತ್ತು; ಅವರ ಬೆನ್ನಿಗೆ ಅಂಟಿಕೊಂಡರೆ ಕಳೆದುಹೋದ ಅರ್ಧ ಗಂಟೆ ಸಿಗುತ್ತಿತ್ತು. ಅವಳು ಪೆಡಲ್ ಬಿಗಿಮಾಡಿ, ಪಾನಾವನ್ನು ಅಂಗಿಯ ಬೆನ್ನಿನ ಜೇಬಿಗೆ ಹಾಕಿ ಹತ್ತಿದಳು. ಬಾಗಿಲಿಗೆ ಬಂದ ಇವನ್ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡೇ ಹೇಳಿದ್ದ: "ಘಾಟಿ ಇಳಿಯೋ ಮುಂಚೆ ಕೊಡು, ಮರೀಬೇಡ." ಮೂರು ವರ್ಷಗಳಲ್ಲಿ ಅವಳಿಗೆ ಅವನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. ಎಷ್ಟು ಗಾಳಿಯನ್ನು ಆ ಬೆನ್ನು ತಡೆದಿರಲಿಲ್ಲ. ಅಂದು ಮಾತ್ರ ಅವಳು ಮುಂದೆ, ಅವನು ಹಿಂದೆ.

ಇವನನ ಅಕ್ಕ ಮೊರಾಗ್ ಒಂದು ಗಂಟೆಗೆ ಬಂದಳು. ಬಾಡಿಗೆ ಕಾರಿನ ಹಿಂದಿನ ಸೀಟಿಗೆ ಪೆಟ್ಟಿಗೆಯನ್ನು ಬೆಲ್ಟು ಹಾಕಿ ಕೂರಿಸಿದ್ದಳು, ಮನುಷ್ಯರನ್ನು ಕೂರಿಸಿದ ಹಾಗೆ. ಐವತ್ತರ ಹೆಂಗಸು, ಊರಲ್ಲಿ ಶಾಲೆಯ ಬಸ್ ಓಡಿಸುವವಳು. ತಮ್ಮನ ಅಗಲ ಬೆನ್ನೇ ಅವಳಿಗೂ ಇರುವುದನ್ನು ಕಂಡು ನೆರಿಡಾ ಕಣ್ಣು ತಗ್ಗಿಸಿದಳು. ಇವನ್ ಮೂರು ವಾರಗಳ ಹಿಂದೆಯೇ ಬೇರೊಂದು ಪೆಟ್ಟಿಗೆಯಲ್ಲಿ ಹೋಗಿದ್ದ. ಮೋಟೆಲಿನಲ್ಲಿ ಅವನು ಬಿಟ್ಟುಹೋಗಿದ್ದ ಈ ಚೌಕ ಪೆಟ್ಟಿಗೆಯನ್ನೂ ಪೊಲೀಸರು ಬಿಟ್ಟುಕೊಟ್ಟ ಸೈಕಲ್ಲನ್ನೂ ಒಯ್ಯಲು ಮೊರಾಗ್ ಬಂದಿದ್ದಳು. ಅವರ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ: ಅವನು ಹೇಗೆ ಕಟ್ಟುತ್ತಿದ್ದನೋ ಹಾಗೇ ಯಾರಾದರೂ ಕಟ್ಟಿ ಕೊಡುತ್ತೀರಾ ಎಂದು. ನಾನು ಕಟ್ಟಿಕೊಡುತ್ತೇನೆ ಎಂದು ನೆರಿಡಾ ಮಾತು ಕೊಟ್ಟಿದ್ದಳು. ಕೊಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಬಹಳ ಹೊತ್ತು ಕೂತಿದ್ದಳು.

"ಟೀ?"

"ಬೇಡ. ನಾಲ್ಕಕ್ಕೆ ವಿಮಾನ ನಿಲ್ದಾಣದಲ್ಲಿರಬೇಕು. ಎಷ್ಟು ಹೊತ್ತಾಗುತ್ತೆ ಇದಕ್ಕೆ?"

"ಒಂದೂವರೆ ಗಂಟೆ."

"ಅವನಿಗೆ ಮುಕ್ಕಾಲು ಗಂಟೆ ಸಾಕಾಗ್ತಿತ್ತು" ಎಂದು ಹೇಳಿ ಮೊರಾಗ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಕುಟುಕಲೆಂದು ಅಂದದ್ದಲ್ಲ. ಆದರೂ ಅದು ನೆರಿಡಾಗೆ ತಾಗಿತು.

ಪೆಟ್ಟಿಗೆ ತೆರೆದಾಗ ಉಣ್ಣೆಯ ವಾಸನೆ ಬಂತು. ಕೊಳವೆಗಳಿಗೆ ಹಾಕುವ ಹೆಣೆದ ಚೀಲಗಳು, ಹಳದಿ, ನೀಲಿ, ಯಾವುದೋ ಮಗುವಿನ ಸ್ವೆಟರಿನಿಂದ ಉಳಿದ ಗುಲಾಬಿ. ಅವನ ತಾಯಿ ಹೆಣೆದವು. ಕೆಳಗೆ ದಪ್ಪ ಬೂದು ಸ್ಪಂಜಿನ ಹಾಸು. ಅದರಲ್ಲಿ ಇವನ್ ತನ್ನ ಕೈಯಾರೆ ಒಂದೊಂದು ಸಾಮಾನಿಗೂ ಅದರದೇ ಆಕಾರದ ಗುಂಡಿ ಕೊರೆದಿದ್ದ. ಪೆಡಲುಗಳಿಗೆ ಎರಡು, ಪಂಪಿಗೆ ಒಂದು, ಬಡಗಿಗಳ ಚಪ್ಪಟೆ ಪೆನ್ಸಿಲ್ಲಿಗೂ ಒಂದು. ಆ ಪೆನ್ಸಿಲ್ಲಿನಿಂದಲೇ ಪಕ್ಕದಲ್ಲಿ ಹೆಸರು ಬರೆದಿದ್ದ, ಎಡ, ಬಲ, ಪಂಪು. ಎಲ್ಲ ತುಂಬಿತ್ತು ಅಥವಾ ತುಂಬಲು ಸಿದ್ಧವಾಗಿತ್ತು. ಬಲ ಮೂಲೆಯ ಗೇಣುದ್ದದ ಗುಂಡಿ ಮಾತ್ರ, ಒಂದು ತುದಿ ಕೊಕ್ಕೆಯಂತೆ ಬಾಗಿದ್ದು, ತೆರೆದಿತ್ತು. ಅದರ ಅಂಚುಗಳನ್ನು ಬಿಸಿ ಚಾಕುವಿನಿಂದ ಸವರಿ ನುಣುಪು ಮಾಡಿದ್ದ. ಇಷ್ಟು ಜೋಪಾನ ಮಾಡಿದವನನ್ನು ಆ ಕಾಗದ ಏನೆಂದು ಕರೆದಿತ್ತು. ನೆರಿಡಾ ತಲೆ ಬಗ್ಗಿಸಿ ಟೈರಿನ ಗಾಳಿ ಬಿಟ್ಟಳು. ಗಾಳಿ ಹೋಗುವ ಸದ್ದು ಹಿತ್ತಲನ್ನು ತುಂಬಿ, ನಿಧಾನವಾಗಿ ಸಣ್ಣದಾಗಿ, ಯಾರೋ ಹೇಳಲು ಹೊರಟು ಬಿಟ್ಟುಬಿಟ್ಟ ಹಾಗೆ ನಿಂತಿತು.

ಹಿಂದಿನ ಚಕ್ರ ಮೊದಲು, ಗೇರಿನ ಹಲ್ಲುಗಳು ಕೆಳಗೆ. ಅದರ ಮೇಲೆ, ಪರೀಕ್ಷೆಗೆಂದು ಪೊಲೀಸರು ಬಿಚ್ಚಿಟ್ಟಿದ್ದ ಚೌಕಟ್ಟಿನ ಹಿಂದಿನ ಅರ್ಧ. ಮೊರಾಗ್ ಉಣ್ಣೆಯ ಚೀಲಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು. ಮುಂದಿನ ಅರ್ಧದಲ್ಲಿ ಚಕ್ರ ಕೂರುವ ಕವಲು ಅಪಘಾತದಲ್ಲಿ ಬಾಗಿತ್ತು. ಅದಕ್ಕೆ ಚೀಲ ತೊಡಿಸುವಾಗ ಮುರಿದ ಕೈಗೆ ಅಂಗಿಯ ತೋಳು ಹಾಕಿಸಿದ ಹಾಗೆ ಮೆಲ್ಲಗೆ ಎಳೆಯಬೇಕಾಯಿತು. ಹಳೆಯ ಲೆಕ್ಕದಲ್ಲಿ ಕೂರಬೇಕಾದದ್ದು ಈ ಬಾಗಿನಿಂದಾಗಿ ಕೂರಲಿಲ್ಲ. ತೆಗೆದು, ತಿರುಗಿಸಿ, ಹ್ಯಾಂಡಲ್ಲನ್ನು ಕೆಳಗೆ ಹಾಕಿ ಮತ್ತೆ ಇಟ್ಟಳು. ಕೀಲಿನ ತಿರುಪು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಅರ್ಧ ಸುತ್ತು ತಿರುಗಿಸಿದ್ದರೆ ಸಾಕಿತ್ತು ಎಂದು ಅದು ಪ್ರತಿ ಸಲ ಕೈಗೆ ತಾಗಿದಾಗಲೂ ಹೇಳಿತು.

"ಅಮ್ಮ ಅಡುಗೆಮನೇಲಿ ಜಾಗ ಮಾಡಿಟ್ಟಿದ್ದಾಳೆ" ಎಂದಳು ಮೊರಾಗ್. "ಅವನು ಬಂದ ದಿನ ಮೇಜು ಸರಿಸಿ, ನೆಲಕ್ಕೆ ಪೇಪರ್ ಹಾಸಿ ಅಲ್ಲೇ ಬಿಚ್ಚುತ್ತಿದ್ದ. ಅವಳು ಒಂದೊಂದೇ ಎತ್ತಿಕೊಡೋಳು. ಈಗ ತಾನೇ ತೆಗೀತೀನಿ ಅಂತಾಳೆ."

"ಹೇಗಿದ್ದಾರೆ?"

"ಬೈತಾಳೆ. ಬೆಳಗ್ಗೆ ಎದ್ದರೆ ಅದೇ. ಹಾಲಿನ ಬಾಟ್ಲಿ ಮುಚ್ಚಳ ಹಾಕ್ತಿರಲಿಲ್ಲ, ಗೇಟು ಹಾಕ್ತಿರಲಿಲ್ಲ, ಬೇಜವಾಬ್ದಾರಿ, ಪಾನಾ ಬಿಟ್ಟು ಹೋಗಿ ಸತ್ತ. ಹೂಳೋವಾಗಲೂ ಒಂದು ಹನಿ ಬರಲಿಲ್ಲ ಅವಳಿಗೆ. ಅವನ ಒಳ್ಳೇದು ಒಂದಾದ್ರೂ ಹೇಳಮ್ಮ ಅಂದೆ. ನೆನಪಾಗಲ್ಲ ಅಂದ್ಲು." ಗುಲಾಬಿ ಚೀಲವನ್ನು ಬೆರಳಿಗೆ ಸುತ್ತಿಕೊಂಡಳು. "ಎಂಬತ್ತೆರಡು ವಯಸ್ಸು. ಹೀಗೇ ಬೈತಾ ಬೈತಾ ಹೋಗಿಬಿಡ್ತಾಳೆ ಅಂತ ಭಯ ನನಗೆ."

ನೆರಿಡಾ ಚೈನನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಸುತ್ತುತ್ತಲೇ ಇದ್ದಳು. ಮೊರಾಗ್ ಎದ್ದು, ಒಳಗೆ ಹೋಗಿ ಮುಖ ತೊಳೆದುಕೊಂಡು ಬರುತ್ತೇನೆ, ಅಮ್ಮನಿಗೂ ಒಂದು ಫೋನು ಮಾಡುತ್ತೇನೆ ಎಂದಳು. ಹಿಂಬಾಗಿಲು ಮುಚ್ಚಿತು.

ನೆರಿಡಾ ಬುಟ್ಟಿಯ ಹತ್ತಿರ ಹೋದದ್ದು ಅವಳಿಗೇ ಗೊತ್ತಾಗಲಿಲ್ಲ. ಕ್ಲಿಪ್ಪುಗಳ ನಡುವೆ ಕೈ ಹಾಕಿದಾಗ ಕಬ್ಬಿಣ ತಣ್ಣಗೆ ಸಿಕ್ಕಿತು. ಸೇಂಟ್ ಹೆಲೆನ್ಸಿನಲ್ಲಿ ಸಿಕ್ಕಾಗ ಬೆಚ್ಚಗಿತ್ತು. ಕಾರ್ಡು ತೆಗೆಯಲು ಬೆನ್ನ ಜೇಬಿಗೆ ಕೈ ಹಾಕಿದರೆ, ನೂರು ಕಿಲೋಮೀಟರಿನ ಅವಳ ಮೈ ಶಾಖ ಹಿಡಿದುಕೊಂಡು ಕೊಕ್ಕೆ ಬೆರಳಿಗೆ ಸಿಕ್ಕಿತ್ತು. ಎರಡು ಗಂಟೆ ಐವತ್ತಾರು ನಿಮಿಷ. ಗಡುವಿಗೆ ನಾಲ್ಕು ನಿಮಿಷ ಬಾಕಿ. ಕ್ಲೆಮ್ ಠಸ್ಸೆ ಒತ್ತಿ, ಎದ್ದು ನಿಂತು ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ಅವಳಿಗೆ ಅಷ್ಟು ಸಂತೋಷ ಬದುಕಿನಲ್ಲಿ ಎಂದಾದರೂ ಆಗಿತ್ತೇ. ಚಿಪ್ಪುಮೀನಿನ ಪೈ ತೆಗೆದುಕೊಂಡು ಬಿಸಿಲಿನಲ್ಲಿ ಕೂತು ಪೂರ್ತಿ ತಿಂದಳು, ಕಾಗದಕ್ಕೆ ಅಂಟಿದ ಚೂರನ್ನೂ ಬಿಡದೆ. ಬೆನ್ನಿಗೆ ಪಾನಾ ಒತ್ತುತ್ತಿತ್ತು. ಅವನು ಬಂದಾಗ ಕೊಡೋಣ, ಬೈಸಿಕೊಳ್ಳೋಣ ಎಂದುಕೊಂಡಳು. ಆಗ ಆಂಬುಲೆನ್ಸ್ ಅವಳ ಮುಂದೆಯೇ ಘಾಟಿಯ ಕಡೆಗೆ ಹೋಯಿತು. ಪೊಲೀಸಿನವನು ಸಂಜೆ ಕೇಳಿದಾಗ, ಅವನ ಹತ್ತಿರ ಆ ಪಾನಾ ಇತ್ತಾ ಎಂದು ಬಹಳ ಮೃದುವಾಗಿ ಕೇಳಿದಾಗ, ಗೊತ್ತಿಲ್ಲ ಎಂದಳು. ಒಂದೇ ಮಾತು. ಆಮೇಲೆ ಮನೆಗೆ ಬಂದು ಬೆವರಿನ ಬಟ್ಟೆ ಒಗೆದು ತಂತಿಗೆ ಹಾಕುವಾಗ, ಜೇಬಿನದನ್ನು ಬುಟ್ಟಿಗೆ ಹಾಕಿದ್ದಳು. ನಾಲ್ಕು ವಾರ ಬಟ್ಟೆಯನ್ನು ಒಳಗೇ ಒಣಗಿಸಿದ್ದಳು.

ಪಾನಾವನ್ನು ಅದರ ಗುಂಡಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಸ್ಪಂಜು ಒಂದು ಸಣ್ಣ ಉಸಿರು ಬಿಟ್ಟು ಅದನ್ನು ತೆಗೆದುಕೊಂಡಿತು. ಎಷ್ಟು ಸರಿಯಾಗಿ ಕೂತಿತೆಂದರೆ, ಅದು ಎಂದೂ ಇಲ್ಲಿಂದ ಹೋಗಿಯೇ ಇರಲಿಲ್ಲ ಎನ್ನಿಸಿತು. ಅವಳ ಮೈ ಹಗುರಾಯಿತು. ಎಲ್ಲ ಜಾಗಕ್ಕೆ ಬಂತು, ಯಾರೂ ಏನೂ ಹೇಳಬೇಕಾಗಿಲ್ಲ, ಮುದುಕಿ ತೆರೆದಾಗ ಎಲ್ಲವೂ ಇರುತ್ತದೆ. ಚಕ್ರವನ್ನು ಮೇಲಿಟ್ಟು ಮುಚ್ಚಿಬಿಡೋಣ ಎಂದು ಎತ್ತುವಷ್ಟರಲ್ಲಿ ಮೊರಾಗ್ ಒದ್ದೆ ಮುಖ ಒರೆಸಿಕೊಳ್ಳುತ್ತಾ ಬಂದು ಪೆಟ್ಟಿಗೆಗೆ ಬಗ್ಗಿದಳು.

"ಇದಾ ಅದು?"

ನೆರಿಡಾ ಚಕ್ರ ಹಿಡಿದು ನಿಂತಿದ್ದಳು.

"ಕೆಳಗೆ ಎಲ್ಲೋ ಬಿದ್ದಿತ್ತಾ? ಪೆಟ್ಟಿಗೇಲೇ ಇತ್ತಾ ಇಷ್ಟು ದಿನ?" ಮೊರಾಗ್ ಅದನ್ನು ಮುಟ್ಟಲಿಲ್ಲ. ಅವಳ ಬಾಯಿ ಸೊಟ್ಟಗಾಯಿತು. "ಮೋಟೆಲಲ್ಲೇ ಬಿಟ್ಟು ಹೋಗಿದ್ದಾನೆ. ಕಣ್ಣೆದುರೇ ಇಟ್ಕೊಂಡು ಬಿಟ್ಟು ಹೋಗಿದ್ದಾನೆ ದಡ್ಡ ನನ್ಮಗ. ಅಮ್ಮ ಹೇಳಿದ್ದೇ ಸರಿ ಹಾಗಾದ್ರೆ. ನಾನೇ ಜಗಳ ಆಡ್ತಿದ್ದೆ ಅವಳ ಹತ್ರ, ಹಾಗಿರಲ್ಲ, ಅವನು ತಗೊಂಡೇ ಹೋಗಿರ್ತಾನೆ, ಬಿದ್ದಾಗ ಎಲ್ಲೋ ಪೊದೇಲಿ ಹೋಗಿರಬೇಕು ಅಂತ."

ಆಗ ನೆರಿಡಾಗೆ ತಾನು ಏನು ಮಾಡಿದೆ ಎಂಬುದು ತಿಳಿಯಿತು. ಬುಟ್ಟಿಯಲ್ಲಿರುವ ತನಕ ಅದು ಕಳೆದುಹೋದ ವಸ್ತುವಾಗಿತ್ತು. ಅವನ ಪರವಾಗಿ ಮಾತಾಡಲು ಒಬ್ಬಳಾದರೂ ಇದ್ದಳು. ಜಾಗಕ್ಕೆ ಇಟ್ಟ ಕೂಡಲೇ ಅದು ಸಾಕ್ಷಿಯಾಗಿ, ಇದ್ದ ಒಬ್ಬಳನ್ನೂ ಕಿತ್ತುಕೊಂಡಿತ್ತು. ಮುದುಕಿ ನಾಳೆ ಪೇಪರ್ ಹಾಸಿ, ಚಕ್ರ ಎತ್ತಿ, ಇದನ್ನು ಕಾಣುತ್ತಾಳೆ.

"ಪೆಟ್ಟಿಗೇಲಿ ಇರಲಿಲ್ಲ" ಎಂದಳು. ಚಕ್ರವನ್ನು ಹುಲ್ಲಿನ ಮೇಲಿಟ್ಟಳು. "ಈಗ ನಾನು ಇಟ್ಟೆ."

"ನಿನಗೆ ಎಲ್ಲಿ ಸಿಕ್ತು?"

"ನನ್ನ ಹತ್ರಾನೇ ಇತ್ತು. ಅವತ್ತಿಂದ. ಪೆಡಲ್ಲಿಗೆ ಅಂತ ಇಸ್ಕೊಂಡಿದ್ದೆ."

ಮೊರಾಗ್ ಮತ್ತೆ ಬಕೆಟ್ಟಿನ ಮೇಲೆ ಕೂತಳು. ದೂರದಲ್ಲಿ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಶುರುವಾಗಿ, ಕೆಮ್ಮಿ, ನಿಂತಿತು. ಶಾಲೆಯ ಬಸ್ಸಿನಲ್ಲಿ ಗಲಾಟೆ ಮಾಡಿದವರನ್ನು ಕನ್ನಡಿಯಲ್ಲಿ ನೋಡಿ ಕಾಯುವವಳ ಹಾಗೆ ಅವಳು ಕಾದಳು.

"ಮರೆತುಬಿಟ್ಟೆಯಾ?"

ಹೌದು ಎನ್ನಬಹುದಿತ್ತು. ಬಾಗಿಲು ಅಷ್ಟು ಅಗಲವಾಗಿ ತೆರೆದು ಕೊಟ್ಟಿದ್ದಳು. ಅಂದು ಘಾಟಿಯ ನೆತ್ತಿಯಲ್ಲಿ ಜರೀಗಿಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಅವಳು ಇಳಿಜಾರಿಗೆಂದು ಜಾಕೆಟ್ಟಿನ ಜಿಪ್ಪು ಏರಿಸುತ್ತಿದ್ದಳು. ಕೆಳಗಿನ ತಿರುವಿನಲ್ಲಿ ಅವನು ಕಾಣಿಸಿಕೊಂಡ, ಪೆಡಲ್ಲಿನ ಮೇಲೆ ಎದ್ದು ನಿಂತು ಹತ್ತುತ್ತಾ. ಒಂದು ಕೈ ಎತ್ತಿದ. ಇನ್ನೂರು ಗಜವೂ ಇರಲಿಲ್ಲ. ಗಡಿಯಾರ ಒಂದು ಗಂಟೆ ದಾಟಿತ್ತು, ಬೆನ್ನಿಗೆ ಗಾಳಿಯಿತ್ತು, ಕಣ್ಣ ಮುಂದೆ ಡಬ್ಬಿಯ ಮುಚ್ಚಳ ತಿರುಗುತ್ತಿತ್ತು, ಏಳೇ ಏಳು ನಿಮಿಷ ಕಣೇ.

"ಅವನು ಕೂಗಿದ" ಎಂದಳು ನೆರಿಡಾ. "ಘಾಟಿ ಮೇಲೆ. ನಿಲ್ಲು ನೆರಿಡಾ, ಪಾನಾ ಅಂತ. ಕೇಳಿಸ್ತು. ಕೆಳಗೆ ಹೇಗೂ ಸಿಗ್ತಾನಲ್ಲ ಅಂತ ಹೋಗಿಬಿಟ್ಟೆ. ನನ್ನ ಹಿಡಿಯೋಕೇ ಜೋರಾಗಿ ಇಳಿದಿರಬೇಕು."

ಮೊರಾಗ್ ಅಳುತ್ತಾಳೇನೋ, ಎದ್ದು ಹೊಡೆಯುತ್ತಾಳೇನೋ ಎಂದು ನೆರಿಡಾ ಕಾದಳು. ಹೊಡೆಯಲಿ ಎಂದುಕೊಂಡಳು. ಮೊರಾಗ್ ಗಡಿಯಾರ ನೋಡಿದಳು.

"ನಾನು ಹೇಳಲ್ಲ ಅವಳಿಗೆ. ನಿನ್ನ ಬಾಯಿ ನಾನಾಗಲ್ಲ. ಬರೆದಿಡು."

ನೆರಿಡಾ ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಸವಾರಿಯ ಕಾರ್ಡು, ೨:೫೬ ಎಂದು ನೀಲಿ ಠಸ್ಸೆ ಬಿದ್ದದ್ದು, ಅವಳ ಕಣ್ಣಿಗೆ ಬಿತ್ತು. ಎಸೆಯಲಾಗದೆ ಇಟ್ಟುಕೊಂಡಿದ್ದಳು; ಇಟ್ಟುಕೊಂಡದ್ದು ದುಃಖಕ್ಕೋ, ಹೆಮ್ಮೆಗೋ, ಅವಳು ಕೇಳಿಕೊಂಡಿರಲಿಲ್ಲ. ಅದನ್ನೇ ಕಿತ್ತು ತಂದು, ಸ್ಪಂಜಿನಲ್ಲಿದ್ದ ಇವನನ ಚಪ್ಪಟೆ ಪೆನ್ಸಿಲ್ ತೆಗೆದು, ಮೊಣಕಾಲೂರಿ ಹಿಂಬದಿಯಲ್ಲಿ ಬರೆದಳು. ಪಾನಾ ನನ್ನ ಬಳಿ ಇತ್ತು, ನಾನು ಕೊಡಲಿಲ್ಲ, ಅವನದು ಏನೂ ತಪ್ಪಿಲ್ಲ. ಮೊರಾಗ್ ಕೈ ಚಾಚಿ ತೆಗೆದುಕೊಂಡು ಓದಿ, ವಾಪಸ್ ಕೊಟ್ಟಳು.

"ಕೇಳಿಸ್ತು ಅನ್ನೋದು ಬರೆದಿಲ್ಲ."

ಪೆನ್ಸಿಲ್ಲಿನ ತುದಿ ಮೊಂಡಾಗಿತ್ತು. ಅವನು ಕರೆದದ್ದು ನನಗೆ ಕೇಳಿಸಿತು ಎಂದು ದಪ್ಪ ಅಕ್ಷರಗಳಲ್ಲಿ ಬರೆದಳು. ಆಮೇಲೆ ಅದರ ಕೆಳಗೆ ತನ್ನ ಪೂರ್ತಿ ಹೆಸರು. ಕಾರ್ಡನ್ನು ಪಾನಾದ ಕೊಕ್ಕೆಗೆ ಸಿಕ್ಕಿಸಿ, ಪೆನ್ಸಿಲ್ಲನ್ನು ಅದರ ಗುಂಡಿಗೆ ಒತ್ತಿ, ಮುಂದಿನ ಚಕ್ರವನ್ನು ಎಲ್ಲದರ ಮೇಲೆ ಮಲಗಿಸಿದಳು. ಬಾಗಿದ ಕವಲಿನ ಕಡೆ ಅದು ಎರಡು ಬೆರಳು ಎದ್ದು ನಿಂತಿತು. ಮುಚ್ಚಳ ಹಾಕಿದರೆ ಬಾಯಿ ಕೂಡಲಿಲ್ಲ. ಎಷ್ಟು ಒತ್ತಿದರೂ ಕೂಡಲಿಲ್ಲ.

"ಅಮ್ಮ ಕೂತ್ಕೊಳ್ಳೋಳು ಅದರ ಮೇಲೆ" ಎಂದಳು ಮೊರಾಗ್. "ಪ್ರತೀ ಸಲ. ಅವಳನ್ನ ಎತ್ತಿ ಕೂರಿಸಿ ಚಿಲಕ ಹಾಕೋನು. ಕೂತ್ಕೋ."

"ನಾನಾ?"

"ಇನ್ಯಾರು."

ನೆರಿಡಾ ಮುಚ್ಚಳದ ಮೇಲೆ ಕೂತಳು. ಕಾಲುಗಳನ್ನು ನೆಲದಿಂದ ಎತ್ತಿ ಮೈಭಾರವನ್ನೆಲ್ಲ ಬಿಟ್ಟಳು. ಕೆಳಗೆ ಉಣ್ಣೆಯೊಳಗಿನ ಕಬ್ಬಿಣ ಒಂದಕ್ಕೊಂದು ತಾಗಿ ಜರುಗಿ, ಜಾಗ ಮಾಡಿಕೊಳ್ಳುವುದು ಅವಳ ತೊಡೆಗಳಿಗೆ ತಿಳಿಯುತ್ತಿತ್ತು. ಗಟ್ಟಿಯಾದದ್ದೇನೋ ಬೆನ್ನ ಹುರಿಯ ಬುಡಕ್ಕೆ ಒತ್ತಿತು, ಅವಳು ಸರಿದುಕೊಳ್ಳಲಿಲ್ಲ. ಮೊರಾಗ್ ಸುತ್ತಲೂ ಮೊಣಕಾಲಲ್ಲಿ ತೆವಳಿ ಒಂದು ಚಿಲಕ ಹಾಕಿದಳು, ಇನ್ನೊಂದು, ಮತ್ತೊಂದು, ಅವಳ ಮುಖವನ್ನು ಒಮ್ಮೆಯೂ ನೋಡದೆ. ನಾಲ್ಕನೆಯದು ಎರಡು ಸಲ ಜಾರಿತು. ಮೂರನೆಯ ಸಲ ಅಂಗೈಯಿಂದ ಹೊಡೆದಾಗ ಕೂತಿತು.